ಹನ್ನೊಂದರಿಂದ ಭಾಗಿಸಿ ನೋಡಿದೆವು: ಒಂದೇ ಲ್ಯಾಪ್‌ಟಾಪಿಗೆ ವಿಂಡೋಸ್, ಲಿನಕ್ಸ್ ಎರಡನ್ನೂ ಹಾಕಿದ ಕತೆ

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಗುಡ್ಡದ ಬದಿಯಲ್ಲಿ. ನಾನು ಮನೆಯಲ್ಲೇ ಡಿಟಿಪಿ ಮಾಡುತ್ತೇನೆ. ಮದುವೆ ಕಾಗದ, ಒಕ್ಕಲಿನ (ಗೃಹಪ್ರವೇಶದ) ಕಾಗದ, ಬ್ರಹ್ಮಕಲಶದ ಆಮಂತ್ರಣ, ಬಯಲಾಟದ ಕರಪತ್ರ. ಪುಟ ಜೋಡಿಸಲು ಪೇಜ್‌ಮೇಕರ್, ಕನ್ನಡ ಟೈಪಿಗೆ ನುಡಿ, ಒಂದು ಪ್ರಿಂಟರ್, ಒಂದು ಲ್ಯಾಪ್‌ಟಾಪ್. ಬಂಡವಾಳ ಅಂದರೆ ಇಷ್ಟೇ. ಪೇಜ್‌ಮೇಕರ್ ಓಡಬೇಕಾದರೆ ವಿಂಡೋಸ್ ಬೇಕು. ಹಾಗಾಗಿ ವಿಂಡೋಸ್ ತೆಗೆದು ಹಾಕುವ ಮಾತೇ ಇಲ್ಲ.

ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಕೇರಳದ ನಮ್ಮ ಶಾಲೆಗಳ ಲ್ಯಾಬಿನಲ್ಲಿ ಇರುವುದು ಲಿನಕ್ಸ್, ವಿಂಡೋಸಿನ ಹಾಗೆಯೇ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ. ಶಾಲೆಗಳ ಐಟಿ ನೋಡಿಕೊಳ್ಳುವ ಸರಕಾರದ ಕೈಟ್ ಸಂಸ್ಥೆಯವರು ಉಬುಂಟು ಎಂಬ ಲಿನಕ್ಸನ್ನೇ ಶಾಲೆಗೆ ಬೇಕಾದ ಹಾಗೆ ಹೊಂದಿಸಿ ಕೊಟ್ಟದ್ದು. ಮಕ್ಕಳಿಗೆ ಚಿತ್ರ ಬಿಡಿಸುವ ಇಂಕ್‌ಸ್ಕೇಪ್, ಫೋಟೋ ತಿದ್ದುವ ಜಿಂಪ್, ಗಣಿತದ ಜಿಯೋಜೀಬ್ರಾ ಎಲ್ಲ ಅದರಲ್ಲೇ. ಎಸ್ಸೆಸ್ಸೆಲ್ಸಿಯಲ್ಲಿ ಐಟಿ ಪ್ರಾಕ್ಟಿಕಲ್ ಪರೀಕ್ಷೆಯೂ ಉಂಟು. ಇವಳು 2018ರಲ್ಲಿ ಸುರುವಾದ ಲಿಟ್ಲ್ ಕೈಟ್ಸ್ ಎಂಬ ಶಾಲಾ ಐಟಿ ಕ್ಲಬ್ಬಿನ ಸದಸ್ಯೆ ಬೇರೆ. "ಅಮ್ಮ, ನಮ್ಮ ಲ್ಯಾಪ್‌ಟಾಪಿಗೂ ಲಿನಕ್ಸ್ ಹಾಕುವ, ವಿಂಡೋಸ್ ಹಾಗೇ ಇರ್ತದೆ" ಎಂದು ಒಂದು ವರ್ಷದಿಂದ ಪೀಡಿಸುತ್ತಿದ್ದಳು. ಮದುವೆ ಸೀಸನ್ನಿನಲ್ಲಿ ಲ್ಯಾಪ್‌ಟಾಪ್ ಮುಟ್ಟಲು ಬಿಡಲಿಲ್ಲ. "ಆಟಿಯಲ್ಲಿ ನೋಡುವ" ಎಂದು ಹೇಳಿದ್ದೆ. ಆಟಿ ಅಂದರೆ ನಮ್ಮ ತುಳುನಾಡಿನ ಮಳೆಗಾಲದ ತಿಂಗಳು, ಆಗ ಮದುವೆ ಇಲ್ಲ, ಒಕ್ಕಲಿಲ್ಲ, ನನಗೆ ಕೆಲಸವೂ ಇಲ್ಲ.

ಹೇಳಿದ ಮಾತು ಉಳಿಸಿಕೊಳ್ಳಬೇಕಲ್ಲ. ಉಳಿಸಿಕೊಂಡೆ. ಒಂದು ಮಧ್ಯಾಹ್ನದ ಕೆಲಸಕ್ಕೆ ಎಂಟು ದಿನ ಹಿಡಿಯಿತು, ಅಷ್ಟೇ. ಅದರಲ್ಲಿ ಲಿನಕ್ಸ್ ಹಾಕಲು ಹೋದದ್ದು ಅರ್ಧ ಗಂಟೆಯೂ ಇಲ್ಲ. ಉಳಿದದ್ದೆಲ್ಲ ಅದಕ್ಕಿಂತ ಮೊದಲು ಬರುವ, ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗುಗಳಿರುವ ಆ ಬಯೋಸ್ ಎಂಬ ಪರದೆಗೆ ಸಂದಾಯ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಮುಂದಿನದ್ದು ಓದದಿದ್ದರೂ ಇದೊಂದು ಓದಿ: ಬಯೋಸಿನಲ್ಲಿ ಏನನ್ನಾದರೂ ಬದಲಿಸುವ ಮೊದಲು ನಿಮ್ಮ ಬಿಟ್‌ಲಾಕರ್ ರಿಕವರಿ ಕೀ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ ತೆರೆಯುವ ಅಂಕಿ) ಎಲ್ಲಿ ಉಂಟು ಎಂದು ಹುಡುಕಿ, ಕಾಗದದಲ್ಲಿ ಬರೆದಿಡಿ. "ನಾನು ಬಿಟ್‌ಲಾಕರ್ ಹಾಕಿಯೇ ಇಲ್ಲ" ಎನ್ನುವವರು ಮೊದಲು ಬರೆದಿಡಿ. ನಾನೂ ಹಾಕಿರಲಿಲ್ಲ.

ಶನಿವಾರ ಮಧ್ಯಾಹ್ನ ಊಟ ಮಾಡಿ ಕುಳಿತೆವು. ಹೊರಗೆ ಮಳೆ ಬಡಿಯುತ್ತಿತ್ತು. ಶಾಲೆಯ ಐಟಿ ಟೀಚರ್ ಉಬುಂಟು 24.04ರ ಫೈಲನ್ನು ಮಗಳ ಪೆನ್‌ಡ್ರೈವಿಗೆ ಹಾಕಿ ಕೊಟ್ಟಿದ್ದರು. ಸುಮಾರು 6 ಜಿಬಿ ಉಂಟದು. ನಮ್ಮ ಗುಡ್ಡದ ನೆಟ್ಟಿನಲ್ಲಿ ಇಳಿಸಲು ಹೋಗಿದ್ದರೆ ಆಟಿ ಮುಗಿಯುತ್ತಿತ್ತು. ಅದನ್ನು ರೂಫಸ್ ಎಂಬ ಸಣ್ಣ ಪ್ರೋಗ್ರಾಮಿನಲ್ಲಿ ಇನ್ನೊಂದು ಪೆನ್‌ಡ್ರೈವಿಗೆ ಬರೆದೆವು. ಸುಮ್ನೆ ಕಾಪಿ ಮಾಡಿ ಹಾಕಿದರೆ ಬೂಟ್ ಆಗುವುದಿಲ್ಲ, ಅಂದರೆ ಲ್ಯಾಪ್‌ಟಾಪ್ ಅದರಿಂದ ಸುರುವಾಗುವುದಿಲ್ಲ. ರೂಫಸ್‌ನ ಆಯ್ಕೆಗಳಲ್ಲಿ ಜಿಪಿಟಿ, ಯುಇಎಫ್ಐ ಎಂದು ಇರಲಿ. ಆ ಪೆನ್‌ಡ್ರೈವಿನಲ್ಲಿ ಮೊದಲೇ ಇದ್ದದ್ದೆಲ್ಲ ಅಳಿಸಿ ಹೋಗುತ್ತದೆ, ಮಕ್ಕಳ ಫೋಟೋ ಇರುವ ಪೆನ್‌ಡ್ರೈವ್ ತೆಗೆದುಕೊಳ್ಳಬೇಡಿ.

ಬಯೋಸಿಗೆ ಹೋಗಲು ನಮ್ಮದರಲ್ಲಿ ಎಫ್2. ಆನ್ ಮಾಡಿದ ಕೂಡಲೇ ಟಪಟಪ ಒತ್ತುತ್ತಾ ಇರಬೇಕು. ಕೆಲವು ಕಂಪೆನಿಯದ್ದರಲ್ಲಿ ಎಫ್10, ಕೆಲವದರಲ್ಲಿ ಎಸ್ಕೇಪ್ ಅಥವಾ ಡಿಲೀಟ್. ಒತ್ತಲು ತಡವಾಗಿ ಮೂರು ಸಲ ವಿಂಡೋಸೇ ತೆರೆಯಿತು. ಮತ್ತೆ ಗೊತ್ತಾಯಿತು, ಇಷ್ಟು ಕಷ್ಟವೇ ಬೇಡ: ವಿಂಡೋಸಿನ ಒಳಗಿಂದ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟರೆ ನೀಲಿ ಮೆನು ಬರುತ್ತದೆ, ಅದರಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಕೊನೆಗೆ ಯುಇಎಫ್ಐ ಫರ್ಮ್‌ವೇರ್ ಸೆಟ್ಟಿಂಗ್ಸ್. ಅಲ್ಲಿಂದ ನೇರ ಒಳಗೆ.

ಪೆನ್‌ಡ್ರೈವಿನಿಂದ ಬೂಟ್ ಮಾಡಲು ಎಫ್12 ಮೆನು ಬೇಕು. ನಮ್ಮದರಲ್ಲಿ ಎಫ್12 ಎಷ್ಟು ಒತ್ತಿದರೂ ಜಪ್ಪಯ್ಯ ಎನ್ನಲಿಲ್ಲ. ಬಯೋಸಿನ ಮೇನ್ ಪುಟದಲ್ಲಿ "ಎಫ್12 ಬೂಟ್ ಮೆನು: ಡಿಸೇಬಲ್ಡ್" ಎಂದು ಇತ್ತು. ಎನೇಬಲ್ ಮಾಡಿದೆ. ಅಲ್ಲಿಗೇ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಯಾವುದೋ ಹಳೆಯ ವಿಡಿಯೋದಲ್ಲಿ ಸೆಕ್ಯೂರ್ ಬೂಟ್ (ಸರಿಯಾದ ಸಹಿ ಇಲ್ಲದ್ದನ್ನು ಸುರುವಾಗಲು ಬಿಡದ ಕಾವಲು) ಆಫ್ ಮಾಡಲೇಬೇಕು ಎಂದಿದ್ದರು. ಹೋಗಿ ನೋಡಿದರೆ ಆ ಸಾಲು ಮಾಸಲು ಬಣ್ಣದಲ್ಲಿತ್ತು, ಕರ್ಸರ್ ಅದರ ಮೇಲೆ ಕೂರುವುದೇ ಇಲ್ಲ. ಬಯೋಸಿಗೆ ಸೂಪರ್‌ವೈಸರ್ ಪಾಸ್‌ವರ್ಡ್ ಇಟ್ಟರೆ ಮಾತ್ರ ಅದು ಮುಟ್ಟಲು ಬಿಡುವುದು ಎಂದು ಮಗಳು ಫೋನಿನಲ್ಲಿ ನೋಡಿ ಹೇಳಿದಳು. ಪಾಸ್‌ವರ್ಡ್ ಇಟ್ಟೆ. ಆ ಪಾಸ್‌ವರ್ಡ್ ಮರೆತರೆ ಸರ್ವಿಸ್ ಸೆಂಟರೇ ಗತಿ, ಹಾಗಾಗಿ ಸುಲಭದ್ದು ಇಡಿ, ಕೆಲಸ ಮುಗಿದ ಮೇಲೆ ತೆಗೆಯಿರಿ. ಸೆಕ್ಯೂರ್ ಬೂಟ್ ಆಫ್ ಮಾಡಿದೆ. ಎಫ್10 ಒತ್ತಿ ಸೇವ್ ಮಾಡಿದೆ.

ಪರದೆ ನೀಲಿಯಾಯಿತು. ಬಿಟ್‌ಲಾಕರ್ ರಿಕವರಿ ಎಂದು ದೊಡ್ಡದಾಗಿ ಬರೆದಿತ್ತು. ಕೆಳಗೊಂದು ಉದ್ದದ ಪೆಟ್ಟಿಗೆ. 48 ಅಂಕಿ ಹಾಕಬೇಕಂತೆ.

ನನಗೆ ಹೊಟ್ಟೆಯಲ್ಲಿ ಏನೋ ಜಾರಿದ ಹಾಗಾಯಿತು. ಡಿಸ್ಕಿನಲ್ಲಿ ಎಂಟು ವರ್ಷದ ಕಾಗದಗಳ ಫೈಲುಗಳಿದ್ದವು. ಬ್ಯಾಕಪ್ ತೆಗೆದದ್ದು ಮಾರ್ಚಿನಲ್ಲಿ. ಅದರ ನಂತರದ್ದೆಲ್ಲ ಒಳಗೆ. ಅದರಲ್ಲೂ ಚೌತಿಯ ಗಣೇಶೋತ್ಸವದ ಆಮಂತ್ರಣ, ಎಂಟು ಪುಟದ್ದು, ಸಮಿತಿಯವರು ಪ್ರೂಫ್ ಕೇಳಿದ್ದು ಮುಂದಿನ ಭಾನುವಾರಕ್ಕೆ. ಅದರಲ್ಲಿ ದೇಣಿಗೆ ಕೊಟ್ಟವರ ಹೆಸರೇ ಮೂರು ಪುಟ. ಒಂದು ಹೆಸರು ಬಿಟ್ಟುಹೋದರೆ ಊರಲ್ಲಿ ಬದುಕಲಿಕ್ಕಿಲ್ಲ, ಗೊತ್ತಲ್ಲ.

ನಾನು ಹಾಕದ ಬೀಗ ಹೇಗೆ ಬಂತು? ವಿಂಡೋಸ್ 11ರಲ್ಲಿ, ಹೋಮ್ ಆವೃತ್ತಿಯಲ್ಲೂ, ಡಿವೈಸ್ ಎನ್‌ಕ್ರಿಪ್ಷನ್ ಎಂದೊಂದು ಉಂಟು. ಲ್ಯಾಪ್‌ಟಾಪಿಗೆ ಆ ಸೌಲಭ್ಯ ಇದ್ದು, ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದರೆ ಅದು ತನ್ನಷ್ಟಕ್ಕೆ ಆನ್ ಆಗುತ್ತದೆ. ಇಡೀ ಡಿಸ್ಕಿಗೆ ಬೀಗ. ಬೀಗದ ಕೈ ಟಿಪಿಎಂ ಎಂಬ ಚಿಪ್ಪಿನ ಕೈಯಲ್ಲಿ. ದಿನಾ ಆನ್ ಮಾಡುವಾಗ ಆ ಚಿಪ್ಪು ಎಲ್ಲ ಮೊದಲಿನ ಹಾಗೇ ಉಂಟಾ ಎಂದು ನೋಡಿ ಬಾಗಿಲು ತೆರೆಯುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಸೆಕ್ಯೂರ್ ಬೂಟಿನಂಥದ್ದು ಬದಲಾದರೆ ಅದಕ್ಕೆ ಗುರುತು ಸಿಗುವುದಿಲ್ಲ. ಯಜಮಾನರು ತಲೆ ಬೋಳಿಸಿಕೊಂಡು ಬಂದರೆ ಮನೆಯ ನಾಯಿಯೇ ಬೊಗಳುತ್ತದಲ್ಲ, ಹಾಗೆ.

ಇಲ್ಲಿ ಮಾಡಬೇಕಾದದ್ದು ಬಹಳ ಸುಲಭ. ಬಯೋಸಿಗೆ ವಾಪಸು ಹೋಗಿ ಬದಲಿಸಿದ್ದನ್ನು ಮೊದಲಿನ ಹಾಗೇ ಇಡುವುದು. ಹೆಚ್ಚಾಗಿ ಚಿಪ್ಪಿಗೆ ಗುರುತು ಸಿಕ್ಕಿ ವಿಂಡೋಸ್ ತೆರೆಯುತ್ತದೆ. ನಿಮಗೆ ಈ ನೀಲಿ ಪರದೆ ಬಂದರೆ ಮೊದಲು ಅದನ್ನೇ ಮಾಡಿ, ಬೇರೆ ಯಾವುದನ್ನೂ ಮುಟ್ಟಬೇಡಿ.

ನಾನು ಮಾಡಿದ್ದು ಬೇರೆ. ಬಯೋಸಿನಲ್ಲಿ "ಕ್ಲಿಯರ್ ಟಿಪಿಎಂ" ಎಂದು ಕಂಡಿತು. ತೊಂದರೆ ಕೊಡುವುದು ಟಿಪಿಎಂ, ಕ್ಲಿಯರ್ ಅಂದರೆ ತೊಂದರೆ ಕ್ಲಿಯರ್ ಆಗುವುದು ಎಂದು ತಿಳಿದೆ. ಮಗಳು "ಅಮ್ಮ, ತಾಳು" ಎನ್ನುವಷ್ಟರಲ್ಲಿ ಎಂಟರ್ ಒತ್ತಿ ಆಗಿತ್ತು. ಬೀಗದ ಕೈ ಹಿಡಿದಿದ್ದ ಚಿಪ್ಪಿನ ನೆನಪನ್ನೇ ಅಳಿಸಿದ ಹಾಗೆ. ಆಮೇಲೆ ಸೆಕ್ಯೂರ್ ಬೂಟ್ ಆನ್ ಮಾಡಿ ನೋಡಿದೆ, ಎಲ್ಲ ಡೀಫಾಲ್ಟಿಗೆ ತಂದು ನೋಡಿದೆ. ಅದೇ ನೀಲಿ. ಇನ್ನು ಆ 48 ಅಂಕಿ ಬಿಟ್ಟರೆ ಬೇರೆ ದಾರಿ ಇಲ್ಲ.

ಅತ್ತೆ ಚಾವಡಿಯಿಂದ ಕೇಳಿದರು: "ಎಂತ, ಇಬ್ಬರೂ ಸತ್ತವರ ಮನೆಯಲ್ಲಿ ಕೂತ ಹಾಗೆ ಕೂತಿದ್ದೀರಿ?"

ಆ ಕೀ ಮೈಕ್ರೋಸಾಫ್ಟ್ ಅಕೌಂಟಿನ ವೆಬ್ ಪುಟದಲ್ಲಿ ಇರುತ್ತದೆ. ಯಾವ ಅಕೌಂಟಿನಿಂದ ಲ್ಯಾಪ್‌ಟಾಪ್ ಸುರು ಮಾಡಿದ್ದೋ ಆ ಅಕೌಂಟಿನಲ್ಲಿ. ಫೋನಿನಿಂದಲೇ ಲಾಗಿನ್ ಆಗಿ ನೋಡಬಹುದು. ನನ್ನ ಮೈಲ್ ಹಾಕಿ ನೋಡಿದೆ, ಖಾಲಿ. ಯಜಮಾನರದ್ದು ಹಾಕಿದೆ, ಖಾಲಿ. ರಾತ್ರಿ ಮಲಗಿದ ಮೇಲೆ ನೆನಪಾಯಿತು. ಮೂರು ವರ್ಷದ ಹಿಂದೆ ಲ್ಯಾಪ್‌ಟಾಪ್ ತೆಗೆದುಕೊಂಡಾಗ ಅಂಗಡಿಯ ಹುಡುಗನೇ ಎಲ್ಲ ರೆಡಿ ಮಾಡಿ ಕೊಟ್ಟಿದ್ದ. "ಮೈಲ್ ಐಡಿ ನಾನೇ ಹಾಕಿದ್ದೇನೆ, ನೀವು ಈ ನಾಲ್ಕಂಕಿ ಪಿನ್ ಒತ್ತಿದರೆ ಸಾಕು ಅಕ್ಕ" ಎಂದಿದ್ದ. ಎಷ್ಟು ಒಳ್ಳೆಯ ಹುಡುಗ ಎಂದುಕೊಂಡಿದ್ದೆ.

ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪನ್ನು ಎರಡು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಕಾಸರಗೋಡಿಗೆ ಬಸ್ಸು ಹತ್ತಿದೆ. ಚೆರ್ಕಳ ದಾಟುವಾಗ ಬಸ್ಸಿನೊಳಗೂ ಮಳೆ. ಆ ಅಂಗಡಿ ತೆರೆಯಲು ಹೊತ್ತಿತ್ತು, ಹಾಗಾಗಿ ಮೊದಲು ಇನ್ನೊಂದು ರಿಪೇರಿ ಅಂಗಡಿಗೆ ಹೋದೆ. ಅವರು ನೋಡಿ, "ಫಾರ್ಮ್ಯಾಟ್ ಮಾಡಿ ಕೊಡುತ್ತೇವೆ, 1200 ರೂಪಾಯಿ" ಎಂದರು. ಫೈಲು? "ಅದು ಹೋಗ್ತದೆ." ಹೋಗುವುದು ಬೇಡ ಎಂದೇ ಅಲ್ವಾ ನಾನು ಬಂದದ್ದು. ಒಂದು ಮಾತು: ಕೀ ಇಲ್ಲದೆ ಫೈಲು ತೆಗೆದುಕೊಡುತ್ತೇವೆ ಎಂದು ಯಾರಾದರೂ ದುಡ್ಡು ಕೇಳಿದರೆ ನಂಬಬೇಡಿ. ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೂ ಅದೇ ಕೀ ಕೇಳುತ್ತದೆ.

ಲ್ಯಾಪ್‌ಟಾಪ್ ಕೊಂಡ ಅಂಗಡಿಯಲ್ಲಿ ಅದರ ಮಾಲಕರು ಕುರ್ಚಿ ಕೊಟ್ಟು ಕೂರಿಸಿದರು. ಆ ಹುಡುಗ ಈಗ ಇಲ್ಲ. ದುಬೈಗೆ ಹೋಗಿ ಒಂದೂವರೆ ವರ್ಷ. ಕಾಸರಗೋಡಿನಲ್ಲಿ ಯಾರನ್ನು ಹುಡುಕಿದರೂ ಉತ್ತರ ಇದೇ ತಾನೆ. ಮೈಲಿನ ಪಾಸ್‌ವರ್ಡ್ ಅಂಗಡಿಯವರಿಗೆ ಗೊತ್ತಿಲ್ಲ. ಅವನ ವಾಟ್ಸಾಪ್ ನಂಬರ್ ಕೊಟ್ಟರು. ಮೆಸೇಜ್ ಹಾಕಿದೆ. ಎರಡು ಟಿಕ್ ಬಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಹತ್ತು ಸಲ ನೋಡಿದೆ, ನೀಲಿಯಾಗಲಿಲ್ಲ. ಬೇಡದಲ್ಲಿ ನೀಲಿ ಬರುತ್ತದೆ, ಬೇಕಾದಲ್ಲಿ ಬರುವುದಿಲ್ಲ.

ರಾತ್ರಿ ಹತ್ತಕ್ಕೆ ಉತ್ತರ ಬಂತು. ಪಾಪ, ಅವನಿಗೆ ನನ್ನ ನೆನಪಿತ್ತು. ಪಾಸ್‌ವರ್ಡೂ ನೆನಪಿತ್ತು. ಆದರೆ ಹೊಸ ಜಾಗದಿಂದ ಲಾಗಿನ್ ಆದ್ದರಿಂದ ಕೋಡ್ ಕೇಳಿತು. ಕೋಡ್ ಹೋಗುವುದು ಊರಿನ ಹಳೆಯ ಸಿಮ್ಮಿಗೆ. ಸಿಮ್ ಉಪ್ಪಳದಲ್ಲಿ, ಅವನ ತಾಯಿಯ ಫೋನಿನಲ್ಲಿ. ಅವರು ಮಲಗಿ ಆಗಿತ್ತು. ಮಂಗಳವಾರ ಅವನಿಗೆ ಬಿಡುವಿಲ್ಲ. ಬುಧವಾರ ತಾಯಿ ಮದುವೆ ಮಾತುಕತೆಗೆಂದು ಸಂಬಂಧಿಕರ ಮನೆಗೆ ಹೋಗಿದ್ದರು, ಫೋನ್ ಮನೆಯಲ್ಲಿ. ಆ ಕೋಡಾದರೋ ಸ್ವಲ್ಪ ಹೊತ್ತಿಗೇ ಹಳತಾಗುತ್ತದೆ. ಈ ಮೂರು ದಿನ ನಾನು ಯಾವ ಕೆಲಸ ಮಾಡಿದೆ ಎಂದು ಕೇಳಿದರೆ ನೆನಪಿಲ್ಲ. ಗಣೇಶೋತ್ಸವ ಸಮಿತಿಯವರ ಫೋನ್ ಬಂದಾಗ ಮಾತ್ರ ಮಗಳ ಕೈಗೆ ಕೊಟ್ಟು ತೋಟಕ್ಕೆ ಹೋಗುತ್ತಿದ್ದೆ.

ಗುರುವಾರ ಮಧ್ಯಾಹ್ನ ಜೋರು ಗಾಳಿಮಳೆ. ಕರೆಂಟಿಲ್ಲ, ಟವರಿನ ಡೇಟಾವೂ ಹೋಗಿತ್ತು, ಫೋನ್ ಮಾತ್ರ ಹೇಗೋ ಸಿಗುತ್ತಿತ್ತು. ಆಗಲೇ ಅವನು ನೇರ ಕಾಲ್ ಮಾಡಿದ. "ಅಕ್ಕ, ಒಳಗೆ ಹೋದೆ. ಇಲ್ಲಿ ಇಪ್ಪತ್ತಕ್ಕಿಂತ ಜಾಸ್ತಿ ಲ್ಯಾಪ್‌ಟಾಪಿನ ಕೀ ಉಂಟು. ನಿಮ್ಮದು ಯಾವುದು?" ಅಂಗಡಿಯಿಂದ ಹೋದದ್ದೆಲ್ಲ ಅದೇ ಒಂದು ಮೈಲಿನಲ್ಲಿ! ನೀಲಿ ಪರದೆಯಲ್ಲಿ ಕೀ ಐಡಿ ಎಂದೊಂದು ಇರುತ್ತದೆ, ಅದರ ಮೊದಲ ಎಂಟು ಅಕ್ಷರ ಹೇಳಿದರೆ ಯಾವ ಕೀ ಎಂದು ಗೊತ್ತಾಗುತ್ತದೆ. ಅದನ್ನು ನಾನು ಮೊದಲೇ ಬರೆದಿಟ್ಟಿದ್ದೆ. ಹೇಳಿದೆ. "ಸಿಕ್ಕಿತು. ವಾಟ್ಸಾಪ್ ಮಾಡಲಾ?" ಡೇಟಾ ಇಲ್ಲ ಮಾರಾಯ, ಹೇಳು, ಬರೆದುಕೊಳ್ಳುತ್ತೇನೆ ಎಂದೆ. ಹಳೆಯ ಮದುವೆ ಕಾಗದದ ಪ್ರೂಫ್ ಕೈಗೆ ಸಿಕ್ಕಿತು, ಅದರ ಬೆನ್ನಿಗೆ ಬರೆದೆ.

ಹುಡುಗ ನನ್ನ ಹತ್ತಿರ ಕನ್ನಡದಲ್ಲೇ ಮಾತನಾಡುವುದು. ಆದರೆ ಅಂಕಿ ಎಣಿಸುವಾಗ ಎಲ್ಲರೂ ಅವರವರ ಮನೆಯ ಭಾಷೆಗೆ ಹೋಗುತ್ತಾರೆ. "ನಾಲ್, ಒನ್ನ್, ಎಟ್ಟ್..." ಎಂದು ಮಲಯಾಳದಲ್ಲಿ ಸುರು ಮಾಡಿದ. ಸೊನ್ನೆ ಬಂದಾಗ "ಪೂಜ್ಯಂ". ಪೂಜ್ಯರು ಯಾರು ಎಂದು ಒಂದು ಕ್ಷಣ ನಾನು ಗಲಿಬಿಲಿ. ಹೆಂಚಿನ ಮೇಲೆ ಮಳೆಯ ಸದ್ದು, ಲೈನಿನಲ್ಲಿ ಕರಕರ. ಆರಾರು ಅಂಕಿಯ ಎಂಟು ಗುಂಪು ಬರೆದು ಮುಗಿಸುವಾಗ ಕೈ ಬೆವರಿತ್ತು. ಫೋನ್ ಕಟ್ಟಾಯಿತು.

ಹಾಕಿದೆ. ತಪ್ಪು ಎಂದಿತು. ಪುನಃ ನಿಧಾನಕ್ಕೆ ಹಾಕಿದೆ. ತಪ್ಪು. ಅವನಿಗೆ ಕಾಲ್ ಮಾಡಿದರೆ ಸಿಗುವುದಿಲ್ಲ, ಡ್ಯೂಟಿಗೆ ಹೋಗಿ ಆಗಿತ್ತು. ನಾನು ಕೂತಲ್ಲೇ ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಆಗ ಮಗಳು ಆ ಕಾಗದ ತೆಗೆದುಕೊಂಡು ಕ್ಯಾಲ್ಕ್ಯುಲೇಟರ್ ಹಿಡಿದು ಕೂತಳು. ಕಾಯುತ್ತಿದ್ದ ಮೂರು ದಿನ ಇದರ ಬಗ್ಗೆಯೇ ಓದಿದ್ದಳಂತೆ. ಈ ಕೀಯ ಪ್ರತಿ ಆರಂಕಿಯ ಗುಂಪೂ ಹನ್ನೊಂದರಿಂದ ಸರಿಯಾಗಿ ಭಾಗವಾಗಲೇಬೇಕು. ಬರೆಯುವಾಗ ತಪ್ಪಿದರೆ ಗೊತ್ತಾಗಲಿ ಎಂದೇ ಹಾಗೆ ಮಾಡಿದ್ದು. ಏಳು ಗುಂಪು ಭಾಗವಾಯಿತು. ಮೊದಲನೆಯದೇ ಆಗಲಿಲ್ಲ. ನಾನು ಬರೆದದ್ದು 417297.

"ಅಮ್ಮ, ಒಂದು ಬಿಟ್ಟು ಒಂದು ಅಂಕಿ ಕೂಡಿಸಿ ಕಳೆಯುವ ಲೆಕ್ಕ ನಮಗೆ ಉಂಟು" ಎಂದಳು. ನಾಲ್ಕು, ಏಳು, ಒಂಬತ್ತು ಕೂಡಿಸಿದರೆ 20. ಒಂದು, ಎರಡು, ಏಳು ಕೂಡಿಸಿದರೆ 10. ವ್ಯತ್ಯಾಸ 10. ಅದು ಸೊನ್ನೆ ಆಗಬೇಕು ಅಥವಾ 11ರ ಮಗ್ಗಿಯಲ್ಲಿ ಬರಬೇಕು. "ಒಂದು ಕಮ್ಮಿ ಉಂಟು. ನೀನು ಎಟ್ಟ್ ಅಂದದ್ದನ್ನು ಏಳ್ ಎಂದು ಕೇಳಿರಬೇಕು." ಎರಡು ಏಳು ಇದ್ದವು. ಕೊನೆಯ ಏಳನ್ನು ಎಂಟು ಮಾಡಿದರೆ ವ್ಯತ್ಯಾಸ ಒಂಬತ್ತಕ್ಕೆ ಇಳಿಯುತ್ತದೆ. ಮೂರನೆಯದನ್ನು ಮಾಡಿದರೆ ಹನ್ನೊಂದು. 418297. ಹಾಕಿದಳು. ಚಕ್ರ ತಿರುಗಿತು. ನನ್ನ ವಾಲ್‌ಪೇಪರಿನ ಮಧೂರು ದೇವಸ್ಥಾನದ ಚಿತ್ರ ಬಂತು.

ಅತ್ತೆ ಅಡಿಗೆಮನೆಯಿಂದ ಬೆಲ್ಲದ ತುಂಡು ತಂದು ಮೊಮ್ಮಗಳ ಬಾಯಿಗೆ ಹಾಕಿದರು. ಏನಾಯಿತು ಎಂದು ಅವರಿಗೆ ಗೊತ್ತಿಲ್ಲ, ಒಳ್ಳೆಯದಾಯಿತು ಎಂದಷ್ಟೇ ಗೊತ್ತು.

ಕರೆಂಟ್ ಬಂದ ಕೂಡಲೇ ಮೊದಲು ಬ್ಯಾಕಪ್. ತಮ್ಮನ ಹತ್ತಿರ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಇತ್ತು, ರಾತ್ರಿಯೇ ತರಿಸಿ ಎಲ್ಲ ಕಾಪಿ ಮಾಡಿದೆ. ಎರಡನೆಯದು, ಅಂಗಡಿಯ ಮೈಲ್ ತೆಗೆದು ಲೋಕಲ್ ಅಕೌಂಟ್ ಮಾಡಿಕೊಂಡೆ, ಪಾಸ್‌ವರ್ಡ್ ನನ್ನದು. ಮೂರನೆಯದು, ಸೆಟ್ಟಿಂಗ್ಸಿನ ಪ್ರೈವಸಿ ಆ್ಯಂಡ್ ಸೆಕ್ಯುರಿಟಿಗೆ ಹೋಗಿ ಡಿವೈಸ್ ಎನ್‌ಕ್ರಿಪ್ಷನ್ ಆಫ್ ಮಾಡಿದೆ. ಆಫ್ ಒತ್ತಿದ ಕೂಡಲೇ ಮುಗಿಯುವುದಿಲ್ಲ, ಇಡೀ ಡಿಸ್ಕಿನ ಬೀಗ ಬಿಚ್ಚಬೇಕಲ್ಲ. ನಮ್ಮದರಲ್ಲಿ ಎರಡು ಗಂಟೆಯ ಹತ್ತಿರ ಹಿಡಿಯಿತು. ಚಾರ್ಜರ್ ಹಾಕಿಯೇ ಇಡಿ. ಲ್ಯಾಪ್‌ಟಾಪ್ ಹೊತ್ತು ಊರೂರು ತಿರುಗುವವರು ಎಲ್ಲ ಮುಗಿದ ಮೇಲೆ ಅದನ್ನು ಪುನಃ ಆನ್ ಮಾಡುವುದು ಒಳ್ಳೆಯದು, ಕಳವಾದರೂ ಫೈಲು ಯಾರಿಗೂ ಸಿಗುವುದಿಲ್ಲ. ನನ್ನದು ಮೇಜು ಬಿಟ್ಟು ಏಳುವುದಿಲ್ಲ, ಆಫೇ ಇರಲಿ ಎಂದೆ.

ಇಷ್ಟಾದ ಮೇಲೆ ಬುದ್ಧಿ ಇದ್ದವರು ಲಿನಕ್ಸಿನ ಆಸೆ ಬಿಡುತ್ತಾರೆ. ಆದರೆ 48 ಅಂಕಿ ಬಿಡಿಸಿದ ಹುಡುಗಿಗೆ ಬೇಡ ಎನ್ನುವುದು ಹೇಗೆ?

ಶುಕ್ರವಾರ ಸಂಜೆ ಪೆನ್‌ಡ್ರೈವ್ ಹಾಕಿ ಎಫ್12 ಒತ್ತಿದೆವು. ಉಬುಂಟು ಬಂತು, ಸೆಕ್ಯೂರ್ ಬೂಟ್ ಆನ್ ಇದ್ದಾಗಲೇ! ಉಬುಂಟು ಸುರುವಾಗುವ ಆ ಮೊದಲ ತುಣುಕಿಗೆ ಮೈಕ್ರೋಸಾಫ್ಟಿನದ್ದೇ ಸಹಿ ಉಂಟಂತೆ, ಹಾಗಾಗಿ ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ. ನಾನು ಆಫ್ ಮಾಡಿದ್ದು, ಅತ್ತದ್ದು, ಕಾಸರಗೋಡಿಗೆ ಹೋದದ್ದು ಎಲ್ಲ ಬೇಡದ ಒಂದು ಸ್ವಿಚ್ಚಿಗೆ. ಆ ವಿಡಿಯೋ ಮಾಡಿದವರ ಮೇಲೆ ನನಗೆ ಈಗಲೂ ಸಿಟ್ಟು ಇಳಿದಿಲ್ಲ.

ಇನ್‌ಸ್ಟಾಲ್ ಒತ್ತಿದರೆ ನಾಲ್ಕನೆಯ ಪುಟದಲ್ಲಿ ನಿಂತಿತು. ಈ ಕಂಪ್ಯೂಟರಿನಲ್ಲಿ ಆರ್‌ಎಸ್‌ಟಿ (ಡಿಸ್ಕ್ ನೋಡಿಕೊಳ್ಳುವ ಇಂಟೆಲಿನ ಒಂದು ವ್ಯವಸ್ಥೆ) ಆನ್ ಉಂಟು, ಆಫ್ ಮಾಡಿ ಬನ್ನಿ ಎಂದಿತು. ಬಯೋಸಿಗೆ ಹೋಗಿ ಪುಟ ಪುಟ ಹುಡುಕಿದೆವು. ಆರ್‌ಎಸ್‌ಟಿ ಎಂಬ ಹೆಸರೇ ಇಲ್ಲ. ಇಂಟೆಲ್ ಪ್ರೊಸೆಸರಿನ 11ನೇ ತಲೆಮಾರಿನಿಂದ ಈಚೆಯ ಬಹಳ ಲ್ಯಾಪ್‌ಟಾಪುಗಳಲ್ಲಿ ಅದು ವಿಎಂಡಿ ಎಂಬ ಹೆಸರಿನಲ್ಲಿ ಇರುತ್ತದೆ. ನಮ್ಮದರಲ್ಲಿ ಆ ಹೆಸರೂ ಕಾಣಲಿಲ್ಲ. ಕೊನೆಗೆ ಟೀಚರಿಗೆ ಫೋನ್ ಮಾಡಿದಾಗ ಹೇಳಿದರು: ಮೇನ್ ಪುಟದಲ್ಲಿ ನಿಂತು ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿ ನೋಡಿ. ಒತ್ತಿದೆವು. ಖಾಲಿ ಜಾಗದಲ್ಲಿ ಒಂದು ಹೊಸ ಸಾಲು ಮೂಡಿತು, "ವಿಎಂಡಿ ಕಂಟ್ರೋಲರ್". ಅಡಗಿಸಿ ಇಟ್ಟಿದ್ದರು! ಎಲ್ಲ ಕಂಪೆನಿಯದ್ದರಲ್ಲೂ ಹೀಗೆ ಅಲ್ಲ, ಕೆಲವದರಲ್ಲಿ ಅಡ್ವಾನ್ಸ್ಡ್ ಪುಟದಲ್ಲಿ ಸುಮ್ನೆ ಎದುರಿಗೇ ಇರುತ್ತದೆ, ಕೆಲವದರಲ್ಲಿ ಸ್ಟೋರೇಜ್ ಎಂಬಲ್ಲಿ ರೇಯ್ಡ್ ಅಥವಾ ಎಎಚ್‌ಸಿಐ ಎಂದು ಇರುತ್ತದೆ.

ಕೈ ಎಂಟರಿನ ಮೇಲೆ ಹೋಗಿತ್ತು. ಈ ಸಲ ಮಗಳು ನನ್ನ ಕೈಯನ್ನೇ ಹಿಡಿದುಕೊಂಡಳು.

ಹಿಡಿದದ್ದು ಒಳ್ಳೆಯದಾಯಿತು. ಇದನ್ನು ನೇರ ಆಫ್ ಮಾಡಿದರೆ ವಿಂಡೋಸಿಗೆ ತನ್ನ ಡಿಸ್ಕೇ ಕಾಣದೆ "ಇನಾಕ್ಸೆಸಿಬಲ್ ಬೂಟ್ ಡಿವೈಸ್" ಎಂದು ನೀಲಿಯಾಗುತ್ತದೆ. ಮಾಡುವ ಕ್ರಮ ಹೀಗೆ. ಮೊದಲು ವಿಂಡೋಸಿನಲ್ಲಿ ವಿಂಡೋಸ್ ಕೀ ಮತ್ತು ಆರ್ ಒತ್ತಿ ಎಂಎಸ್‌ಕಾನ್ಫಿಗ್ (msconfig) ಎಂದು ಟೈಪ್ ಮಾಡಿ. ಬೂಟ್ ಪುಟದಲ್ಲಿ ಸೇಫ್ ಬೂಟಿಗೆ ಟಿಕ್ ಹಾಕಿ ರೀಸ್ಟಾರ್ಟ್ ಕೊಡಿ. ವಿಂಡೋಸ್ ತೆರೆಯಲು ಬಿಡದೆ ಎಫ್2 ಒತ್ತಿ ಬಯೋಸಿಗೆ ಹೋಗಿ, ವಿಎಂಡಿ ಡಿಸೇಬಲ್ ಮಾಡಿ, ಎಫ್10. ಈಗ ವಿಂಡೋಸ್ ಸೇಫ್ ಮೋಡಿನಲ್ಲಿ ಕಪ್ಪು ಪರದೆಯೊಂದಿಗೆ ಬರುತ್ತದೆ, ಬೇಕಾದ ಡ್ರೈವರನ್ನು ತಾನೇ ಹುಡುಕಿಕೊಳ್ಳುತ್ತದೆ. ಮತ್ತೆ ಎಂಎಸ್‌ಕಾನ್ಫಿಗ್‌ಗೆ ಹೋಗಿ ಟಿಕ್ ತೆಗೆದು ರೀಸ್ಟಾರ್ಟ್. ಇಷ್ಟೇ. ಸೇಫ್ ಮೋಡಿನಲ್ಲಿ ಕೆಲವೊಮ್ಮೆ ಪಿನ್ ನಡೆಯುವುದಿಲ್ಲ, ಪಾಸ್‌ವರ್ಡೇ ಕೇಳುತ್ತದೆ. ಅಂಗಡಿಯ ಅಕೌಂಟೇ ಇದ್ದಿದ್ದರೆ ಪುನಃ ದುಬೈಗೆ ಫೋನ್ ಮಾಡಬೇಕಿತ್ತು. ಯಾರಾದರೂ ಗೊತ್ತಿಲ್ಲದೆ ನೇರ ಆಫ್ ಮಾಡಿ ಸಿಕ್ಕಿಬಿದ್ದಿದ್ದರೆ ಹೆದರಬೇಡಿ, ವಿಎಂಡಿ ಪುನಃ ಆನ್ ಮಾಡಿ, ವಿಂಡೋಸ್ ವಾಪಸು ಬರುತ್ತದೆ. ಟಿಪಿಎಂ ಮಾತ್ರ ಮುಟ್ಟಬೇಡಿ, ನಿಮಗೆ ಪುಣ್ಯ ಬರ್ತದೆ.

ಇನ್ನು ಲಿನಕ್ಸಿಗೆ ಜಾಗ ಮಾಡಬೇಕು. ನಮ್ಮದು 512 ಜಿಬಿ ಡಿಸ್ಕ್, ವಿಂಡೋಸ್ ಅದನ್ನು 476 ಎಂದು ತೋರಿಸುತ್ತದೆ. ಅರ್ಧಕ್ಕಿಂತ ಜಾಸ್ತಿ ಖಾಲಿ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಸಿ ಡ್ರೈವಿನ ಮೇಲೆ ಬಲ ಕ್ಲಿಕ್ ಮಾಡಿ ಶ್ರಿಂಕ್ ವಾಲ್ಯೂಮ್ ಒತ್ತಿದರೆ 11 ಜಿಬಿ ಮಾತ್ರ ಕೊಡುತ್ತೇನೆ ಎಂದಿತು. ಜಾಗ ಇದ್ದೂ ಕೊಡದ ಸಂಬಂಧಿಕರ ಹಾಗೆ. ಕದಲದ ಕೆಲವು ಫೈಲು ಡಿಸ್ಕಿನ ನಡುವೆ ಕೂತಿರುತ್ತವೆ, ಅವುಗಳಿಂದ ಆಚೆಗೆ ಮಾತ್ರ ಕತ್ತರಿಸಲು ಆಗುವುದು. ಹೈಬರ್ನೇಷನ್ ಆಫ್ ಮಾಡಿದೆ, ಸಿಸ್ಟಮ್ ರಿಸ್ಟೋರ್ ಆಫ್, ಪೇಜ್ ಫೈಲ್ ಆಫ್, ಒಂದು ರೀಸ್ಟಾರ್ಟ್. ಈಗ 200 ಜಿಬಿಗಿಂತ ಜಾಸ್ತಿ ಕೊಡಲು ತಯಾರಾಯಿತು. ನಾನು 90 ತೆಗೆದುಕೊಂಡೆ. ಆಮೇಲೆ ಪೇಜ್ ಫೈಲ್, ರಿಸ್ಟೋರ್ ಎರಡನ್ನೂ ಪುನಃ ಆನ್ ಮಾಡಿ. ಹೈಬರ್ನೇಷನ್ ಆಫೇ ಇರಲಿ. ಅದರೊಂದಿಗೆ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ, ಅದು ಹೋಗುವುದೇ ಒಳ್ಳೆಯದು. ಅದು ಇದ್ದರೆ ವಿಂಡೋಸ್ ಪೂರ್ತಿ ಮುಚ್ಚದೆ ಅರೆನಿದ್ದೆಯಲ್ಲಿ ಇರುತ್ತದೆ, ಲಿನಕ್ಸಿನಿಂದ ವಿಂಡೋಸಿನ ಫೈಲು ತೆರೆದರೆ ಓದಲು ಮಾತ್ರ ಬಿಡುತ್ತದೆ.

ಮತ್ತಿನದ್ದು ಹೇಳಲು ಏನೂ ಇಲ್ಲ. ಇನ್‌ಸ್ಟಾಲರಿನಲ್ಲಿ "ವಿಂಡೋಸ್ ಜೊತೆಗೆ ಹಾಕು" ಎಂಬ ಅರ್ಥದ ಸಾಲು ಬಂತು, ಅದನ್ನು ಆರಿಸಿದೆವು. "ಇಡೀ ಡಿಸ್ಕ್ ಅಳಿಸು" ಎಂಬುದು ಅದರ ಪಕ್ಕದಲ್ಲೇ ಇರುತ್ತದೆ, ಕಣ್ಣು ಬಿಟ್ಟು ನೋಡಿ. ಇಪ್ಪತ್ತೈದು ನಿಮಿಷ. ನಡುವೆ ಒಮ್ಮೆ ಕರೆಂಟ್ ಹೋಯಿತು, ಬ್ಯಾಟರಿ 94 ಇತ್ತು, ಉಸಿರು ಬಿಟ್ಟೆ.

ಮುಗಿದು ರೀಸ್ಟಾರ್ಟ್ ಆದರೆ ನೇರ ವಿಂಡೋಸೇ ಬಂತು. ಲಿನಕ್ಸಿನ ಸುಳಿವೇ ಇಲ್ಲ. ಹಾಕಿದ್ದು ಹೋಗಿಲ್ಲ, ಬಯೋಸಿನ ಬೂಟ್ ಪುಟದಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಮೇಲೆ ಕೂತಿರುತ್ತದೆ, ಉಬುಂಟು ಕೆಳಗೆ. ಉಬುಂಟುವನ್ನು ಮೇಲೆ ಏರಿಸಿದರೆ ಆನ್ ಮಾಡುವಾಗಲೆಲ್ಲ ಎರಡರ ಹೆಸರೂ ಇರುವ ಪಟ್ಟಿ ಬರುತ್ತದೆ. ಅದೇ ಹೊತ್ತಿಗೆ ಸೂಪರ್‌ವೈಸರ್ ಪಾಸ್‌ವರ್ಡನ್ನೂ ತೆಗೆದುಹಾಕಿದೆ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ವಿಂಡೋಸ್ ತೆರೆದರೆ ಗಡಿಯಾರದಲ್ಲಿ ಮೂರೂವರೆ. ಪುನಃ ಏನೋ ಹಾಳಾಯಿತು ಎಂದು ಎದೆ ಧಸಕ್ಕೆಂದಿತು. ಅದು ಹಾಳಾದದ್ದಲ್ಲ. ಲ್ಯಾಪ್‌ಟಾಪಿನೊಳಗಿನ ಗಡಿಯಾರದಲ್ಲಿ ಲಿನಕ್ಸ್ ಇಡುವುದು ಗ್ರೀನಿಚ್ ಲೆಕ್ಕದ ಸಮಯ, ವಿಂಡೋಸ್ ಅದನ್ನೇ ಊರಿನ ಸಮಯ ಎಂದು ಓದುತ್ತದೆ. ಐದೂವರೆ ಗಂಟೆಯ ಜಗಳ. ಲಿನಕ್ಸಿನಲ್ಲಿ ಆಜ್ಞೆ ಟೈಪ್ ಮಾಡುವ ಟರ್ಮಿನಲ್ ಎಂಬ ಕಿಟಕಿಯಲ್ಲಿ "timedatectl set-local-rtc 1" ಎಂದು ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದಲ್ಲಿ ಹೊಡೆದರೆ ರಾಜಿ ಆಗುತ್ತದೆ.

ಖರ್ಚು ಕೇಳುತ್ತೀರಾದರೆ, ಪೆನ್‌ಡ್ರೈವಿಗೆ 400 ರೂಪಾಯಿ, ಬಸ್ಸಿಗೂ ಚಹಾಕ್ಕೂ ಸೇರಿ ನೂರರ ಸುತ್ತ. ಲಿನಕ್ಸಿಗೆ ಒಂದು ಪೈಸೆ ಇಲ್ಲ. ಗಣೇಶೋತ್ಸವದ ಪ್ರೂಫನ್ನು ಭಾನುವಾರ ಬೆಳಿಗ್ಗೆ ಕೊಟ್ಟೆ. ದೇಣಿಗೆಯವರ ಹೆಸರು ಯಾವುದೂ ತಪ್ಪಿರಲಿಲ್ಲ, ಅಧ್ಯಕ್ಷರದ್ದೇ ಇನಿಶಿಯಲ್ ತಪ್ಪಿತ್ತು.

ದುಬೈಯ ಹುಡುಗನಿಗೆ ದುಡ್ಡು ಕಳಿಸುತ್ತೇನೆಂದರೆ ಬೇಡ ಎಂದ. ಆ ಅಕೌಂಟಿನಲ್ಲಿರುವ ಉಳಿದ ಕೀಗಳನ್ನು ಆಯಾ ಗಿರಾಕಿಗಳಿಗೆ ಮುಟ್ಟಿಸಲು ಅಂಗಡಿಯವರಿಗೆ ಹೇಳುತ್ತೇನೆ ಎಂದ. ಎರಡು ದಿನ ಬಿಟ್ಟು ಮೆಸೇಜ್ ಬಂತು: "ಅಕ್ಕ, ತಂಗಿಯ ಮದುವೆ ನಿಶ್ಚಯ ಆಯ್ತು. ಕಾಗದ ನೀವೇ ಮಾಡಿ ಕೊಡಬೇಕು. ಒಂದು ಬದಿ ಕನ್ನಡ, ಒಂದು ಬದಿ ಮಲಯಾಳಂ." ನನ್ನ ಪೇಜ್‌ಮೇಕರಿನಲ್ಲಿ ಮಲಯಾಳದ ಅಕ್ಷರ ಇಲ್ಲ. ಆ ಬದಿಯನ್ನು ಮಗಳು ಇಂಕ್‌ಸ್ಕೇಪಿನಲ್ಲಿ ಮಾಡುತ್ತಿದ್ದಾಳೆ. ನಾನು ಕನ್ನಡದ ಒಂದು ಪ್ಯಾರಾ ಮುಗಿಸುವಷ್ಟರಲ್ಲಿ ಹಿಂದೆ ಬಂದು ನಿಲ್ಲುತ್ತಾಳೆ: "ಅಮ್ಮ, ಸೇವ್ ಮಾಡಿ ಏಳು. ನನ್ನ ಲಿನಕ್ಸಿಗೆ ಹೊತ್ತಾಯಿತು."